ನದಿಯ ನಡುವೆ ನಿಂತ ಜೋಡಿ

ಕ್ರೈಸ್ಟ್‌ಚರ್ಚಿನ ಒಂದು ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ನಾನು ನರ್ಸ್. ವಯಸ್ಸಾದವರಿಗೆ ಕಣ್ಣಿನ ಹಿಂಪರದೆ ಹಾಳಾಗುವ ಒಂದು ಕಾಯಿಲೆ ಬರುತ್ತದೆ. ನೋಟದ ನಡುಭಾಗ ಮಸುಕಾಗಿ, ಅಂಚು ಮಾತ್ರ ಉಳಿಯುತ್ತದೆ. ಅದು ಹೆಚ್ಚದಂತೆ ತಡೆಯಲು ಕಣ್ಣುಗುಡ್ಡೆಗೇ ಇಂಜೆಕ್ಷನ್ ಕೊಡಬೇಕು. ಕೇಳಿದವರಿಗೆ ಮೈ ಜುಮ್ಮೆನ್ನುತ್ತದೆ. ಮರಗಟ್ಟಿಸುವ ಹನಿ ಹಾಕಿರುವುದರಿಂದ ನಿಜವಾಗಿ ನೋವು ಅಷ್ಟಿರುವುದಿಲ್ಲ, ಭಯವೇ ಹೆಚ್ಚು. ಡಾಕ್ಟರು ಸೂಜಿ ಎತ್ತಿಕೊಂಡಾಗ ಪಕ್ಕದಲ್ಲಿ ಕೂತು ರೋಗಿಯ ಕೈ ಹಿಡಿದುಕೊಳ್ಳುವುದು ನನ್ನ ಕೆಲಸ. ಕೆಲವರು ನನ್ನ ಬೆರಳು ಮುರಿಯುವ ಹಾಗೆ ಹಿಚುಕುತ್ತಾರೆ. ಕೆಲವರು ಕೈಯನ್ನು ನನಗೆ ಒಪ್ಪಿಸಿ, ಅದು ತಮ್ಮದೇ ಅಲ್ಲವೆನ್ನುವಂತೆ ಮಲಗಿರುತ್ತಾರೆ. ಒಬ್ಬ ಹೆಂಗಸು ಮಾತ್ರ ನನ್ನ ಅಂಗೈಯ ಮೇಲೆ ಬೆರಳುಗಳನ್ನು ಓಡಾಡಿಸುತ್ತಿದ್ದರು. ತೋರುಬೆರಳು ಮುಂದೆ ಹೋಗುತ್ತಿತ್ತು, ನಡುಬೆರಳು ಅದನ್ನು ಸುತ್ತಿ ಬರುತ್ತಿತ್ತು, ಮತ್ತೆ ಎರಡೂ ಒಟ್ಟಿಗೆ ಮಣಿಕಟ್ಟಿನ ಕಡೆಗೆ ಇಳಿಯುತ್ತಿದ್ದವು.

ಎಂಬತ್ತು ದಾಟಿದವರು. ಬೆಳ್ಳಗಿನ ಗಿಡ್ಡ ಕೂದಲು, ಕೆಂಪು ಉಣ್ಣೆಯ ಕಾರ್ಡಿಗನ್, ಕುರ್ಚಿಯಲ್ಲಿ ಮಲಗಿದರೂ ಬಾಗದ ಬೆನ್ನು. ಮೂರನೆಯ ಸಲವೋ ನಾಲ್ಕನೆಯ ಸಲವೋ ಬಂದಾಗ ಕೇಳಿಯೇಬಿಟ್ಟೆ.

"ಬೆರಳಲ್ಲಿ ಏನು ಮಾಡ್ತಾ ಇದೀರಿ?"

"ನನ್ನ ಜನರನ್ನ ಹೊಳೆಯುದ್ದಕ್ಕೂ ಕರಕೊಂಡು ಹೋಗ್ತಾ ಇದೀನಿ," ಎಂದರು, ರೆಪ್ಪೆಗೆ ಕ್ಲಿಪ್ ಹಾಕಿಸಿಕೊಂಡೇ. "ಮೂರನೇ ಜೋಡಿ ಎಲ್ಲೋ ಸಿಕ್ಕಿಹಾಕ್ಕೊಂಡಿದೆ. ಬಿಡಿಸೋದು ಹೇಗೆ ಅಂತ ಗೊತ್ತಾಗ್ತಿಲ್ಲ."

ಆಮೇಲೆ ಕಣ್ಣಿಗೆ ಹನಿ ಹಾಕಿ ಕೂರಿಸಿದ್ದಾಗ ವಿವರಿಸಿದರು. ಅವರು ಚಿಕ್ಕಂದಿನಿಂದ ಸ್ಕಾಟಿಷ್ ಕಂಟ್ರಿ ಡಾನ್ಸ್ ಮಾಡಿಕೊಂಡು ಬಂದವರು. ಮುತ್ತಜ್ಜನ ಕಾಲದಲ್ಲಿ ಹಡಗಿನಲ್ಲಿ ಬಂದ ಮನೆತನ. ಊರು ಬಿಟ್ಟರೂ ಕುಣಿತ ಬಿಟ್ಟಿರಲಿಲ್ಲ. ಹೆಂಗಸರು ಒಂದು ಸಾಲು, ಗಂಡಸರು ಎದುರಿಗೆ ಇನ್ನೊಂದು ಸಾಲು ನಿಲ್ಲುತ್ತಾರೆ. ಸಂಗೀತಕ್ಕೆ ಸರಿಯಾಗಿ ಒಬ್ಬರನ್ನೊಬ್ಬರು ದಾಟುತ್ತಾರೆ, ಸುತ್ತುತ್ತಾರೆ, ಕೈ ಹಿಡಿದು ಬಿಡುತ್ತಾರೆ. ಹಳೆಯ ಕುಣಿತಗಳು ಸಾವಿರಗಟ್ಟಲೆ ಇವೆ. ಆದರೂ ಬಲ್ಲವರು ಹೊಸತನ್ನು ಕಟ್ಟುತ್ತಲೇ ಇರುತ್ತಾರೆ. ಇವರು ಈಗ ಕಟ್ಟುತ್ತಿದ್ದದ್ದು ನಮ್ಮೂರಿನ ಏವನ್ ನದಿಯ ಮೇಲೆ.

"ನಿನಗೆ ಗಂಡ ಇದ್ದಾನಾ?" ಎಂದು ಇದ್ದಕ್ಕಿದ್ದಂತೆ ಕೇಳಿದರು.

"ಇದ್ದಾರೆ."

"ನಡೀತಾನಾ?"

"ನಡೀತಾರೆ."

"ಹಾಗಾದ್ರೆ ಅಷ್ಟು ಸಾಕು. ಮಂಗಳವಾರ ಸಂಜೆ ಕರಕೊಂಡು ಬಾ. ನಮ್ಮಲ್ಲಿ ಗಂಡಸರಿಗೆ ಬರ."

ಅವರನ್ನು ಅಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯುತ್ತಿದ್ದರು. ಅಷ್ಟು ವಯಸ್ಸಾದವರನ್ನು ಹೆಸರಿನಿಂದ ಕರೆಯಲು ನನಗೆ ನಾಲಿಗೆ ಹೊರಳಲಿಲ್ಲ. ಆಂಟಿ ಎಂದೆ. ಅವರಿಗೆ ಅದು ಇಷ್ಟವಾಯಿತು. ಮುಂದೆ ನನ್ನ ಗಂಡನಿಗೂ ಅವರು ಆಂಟಿಯೇ ಆದರು.

ಆ ವರ್ಷದ ಆರಂಭದಲ್ಲಿ ನಮ್ಮ ಮಗಳು ಓದಲಿಕ್ಕೆಂದು ವೆಲ್ಲಿಂಗ್ಟನ್‌ಗೆ ಹೋಗಿದ್ದಳು. ಅವಳಿದ್ದಾಗ ಮನೆಯಲ್ಲಿ ಏನಾದರೊಂದು ಸದ್ದು ಇರುತ್ತಿತ್ತು. ಹೋದ ಮೇಲೆ ನಮ್ಮಿಬ್ಬರ ಮಾತು ಎಷ್ಟು ಕಡಿಮೆಯಾಗಿತ್ತು ಎನ್ನುವುದು ಗೊತ್ತಾಯಿತು. ಈ ವಾರ ಹೊರಗಿಡಬೇಕಾದದ್ದು ಕಸದ ಹಳದಿ ಬಿನ್ನೋ ಕೆಂಪು ಬಿನ್ನೋ, ಹಾಲು ಯಾರು ತರುತ್ತಾರೆ, ಕಾರಿನ ಸರ್ವೀಸು ಯಾವಾಗ. ಜಗಳವೇನೂ ಇರಲಿಲ್ಲ. ಊಟಕ್ಕೆ ಕೂತರೆ ಅವರು ಅವರ ಫೋನು ನೋಡುತ್ತಿದ್ದರು, ನಾನು ನನ್ನದು.

ನನ್ನ ಗಂಡ ಸಿವಿಲ್ ಎಂಜಿನಿಯರ್. ದೊಡ್ಡ ಭೂಕಂಪದ ನಂತರ ಈ ಊರಿನ ನೆಲದಡಿಯ ಕೊಳವೆಗಳನ್ನೆಲ್ಲ ಹೊಸದಾಗಿ ಹಾಕುವ ಕೆಲಸಕ್ಕೆಂದು ಬಂದವರು ಇಲ್ಲೇ ಉಳಿದರು. ಧಾರವಾಡದ ಕಡೆಯವರು. ನಾನು ಮೈಸೂರಿನವಳು. ಇಷ್ಟು ವರ್ಷ ಒಟ್ಟಿಗಿದ್ದರೂ ಅವರ ಮಾತು ಅವರದು, ನನ್ನ ಮಾತು ನನ್ನದು.

"ಸ್ಕಾಟ್ಲೆಂಡಿನವ್ರ ಕುಣಿತ? ನಾನು?" ಎಂದರು, ಚಪಾತಿ ಹರಿಯುತ್ತ. "ಭಜನಿ ಪದಕ್ಕ ತಾಳ ಹಾಕ್ಲಿಕ್ಕೇ ಬರಲಿಲ್ಲ ನನಗ."

"ಕುಣಿಯೋದಕ್ಕಿಂತ ನಡೆಯೋದೇ ಜಾಸ್ತಿಯಂತೆ ರೀ. ಬಿಪಿಗೆ ನಡೀರಿ ಅಂತ ಡಾಕ್ಟ್ರು ಹೇಳಿದಾರಲ್ಲ."

"ಅವ್ರು ಪಾರ್ಕಿನ್ಯಾಗ ನಡೀ ಅಂದಾರ."

"ಪಾರ್ಕಲ್ಲಿ ಮಳೆ. ಅಲ್ಲಿ ಹೀಟರ್ ಇರುತ್ತೆ."

ಉಳಿದ ಚಪಾತಿಯಿಂದ ತಟ್ಟೆ ಒರೆಸಿದರು. "ಒಂದ ಸಲ ಬರ್ತೀನಿ ನೋಡು. ಒಂದ ಸಲ."

ಚರ್ಚಿನ ಹಿಂದಿನ ಹಾಲ್ ಅದು. ಮರದ ನೆಲ, ಎತ್ತರದ ಕಿಟಕಿಗಳು, ಗೋಡೆಯ ಮೇಲ್ಭಾಗದಲ್ಲಿ ಕೆಂಪಗೆ ಕಾದು ತಲೆ ಮಾತ್ರ ಬೆಚ್ಚಗಾಗಿಸುವ ಹೀಟರುಗಳು. ಹೆಚ್ಚಿನವರು ಅರವತ್ತು ದಾಟಿದವರು. ಎಲ್ಲರೂ ಮೆತ್ತನೆಯ ಚರ್ಮದ ಚಪ್ಪಟೆ ಬೂಟು ಹಾಕಿದ್ದರು. ನಾವಿಬ್ಬರೂ ಸಾಕ್ಸಿನಲ್ಲಿ ನಿಂತೆವು. ಪಾಠ ಹೇಳುವ ಹೆಂಗಸು ನಿವೃತ್ತ ಶಾಲಾ ಮೇಡಂ. ಗಟ್ಟಿ ದನಿ, ನೇರ ಮಾತು. ಮೂಲೆಯಲ್ಲಿ ಪಿಟೀಲು ಹಿಡಿದ ಒಬ್ಬ ಮುದುಕರು ತಂತಿ ಸರಿಮಾಡಿಕೊಳ್ಳುತ್ತಿದ್ದರು. ಆಂಟಿ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಮುಖಗಳು ಕಾಣದಾದ ಮೇಲೆ, ಒಂದು ಸಲ ಯಾರಿಗೋ ಡಿಕ್ಕಿ ಹೊಡೆದು ಬಿದ್ದ ಮೇಲೆ, ಅವರು ಕುಣಿಯುವುದನ್ನು ನಿಲ್ಲಿಸಿದ್ದರು. ಆದರೂ ವಾರ ತಪ್ಪಿಸುತ್ತಿರಲಿಲ್ಲ.

ಮೇಡಂ ಎದುರಿನವರ ಕೈ ಹಿಡಿಯಿರಿ ಎಂದರು. ನನ್ನ ಎದುರಿಗೆ ನಿಂತಿದ್ದವರು ನನ್ನ ಗಂಡನೇ. ಅವರು ಕೈ ಚಾಚಲಿಲ್ಲ. ಪ್ಯಾಂಟಿಗೆ ಅಂಗೈ ಒರೆಸಿಕೊಂಡರು, ಅತ್ತಿತ್ತ ನೋಡಿದರು. ಮದುವೆಯ ಧಾರೆಯ ಹೊತ್ತು ಬಿಟ್ಟರೆ ನಾಲ್ಕು ಜನರ ಎದುರಿಗೆ ನಾವು ಎಂದೂ ಕೈ ಹಿಡಿದವರಲ್ಲ. ಏರ್‌ಪೋರ್ಟಿನಲ್ಲಿ ನನ್ನನ್ನು ಊರಿಗೆ ಕಳಿಸುವಾಗಲೂ ಅವರು ನನ್ನ ಸೂಟ್‌ಕೇಸಿನ ಹಿಡಿಯನ್ನು ಒತ್ತಿ ಹಿಡಿದು ನಿಂತಿರುತ್ತಿದ್ದರು, ಅಷ್ಟೇ. ಪಿಟೀಲು ಶುರುವಾಯಿತು. ಕೊನೆಗೆ ನಾನೇ ಕೈ ಚಾಚಿ ಹಿಡಿದೆ. ಅವರ ಕೈ ಬೆವೆತಿತ್ತು.

ನನಗೆ ಶಾಲೆಯಲ್ಲಿ ಕೋಲಾಟ ಆಡಿದ ರೂಢಿಯಿತ್ತು. ಸಾಲು, ಸುತ್ತು, ಜೋಡಿ ಬದಲು, ಎಲ್ಲ ಬೇಗ ಕಾಲಿಗೆ ಹತ್ತಿತು. ನನ್ನ ಗಂಡ ಬಲಕ್ಕೆ ಅಂದರೆ ಎಡಕ್ಕೆ ಹೋಗುತ್ತಿದ್ದರು. ಎದುರಿಗೆ ಬಂದವರಿಗೆಲ್ಲ ಸಾರಿ ಸಾರಿ ಎನ್ನುತ್ತಿದ್ದರು. ಆದರೆ ಅಲ್ಲಿನ ಅಜ್ಜಿಯರು ನಗುನಗುತ್ತಲೇ ಅವರ ಭುಜ ಹಿಡಿದು ಸರಿಯಾದ ಕಡೆಗೆ ತಿರುಗಿಸಿ ಕಳಿಸುತ್ತಿದ್ದರು. ನಡುವೆ ಚಹಾ, ನಿಂಬೆ ಹಾಕಿದ ಕೇಕಿನ ತುಂಡು. ಮುಗಿಯುವ ಹೊತ್ತಿಗೆ ಅವರ ಅಂಗಿಯೆಲ್ಲ ಒದ್ದೆ.

ಆಂಟಿಯನ್ನು ಮನೆಗೆ ಬಿಡುವ ಕೆಲಸ ನಮಗೆ ಬಂತು; ಅವರಿದ್ದ ಹಿರಿಯರ ಮನೆಗಳ ಸಾಲು ನಮ್ಮ ದಾರಿಯಲ್ಲೇ ಇತ್ತು. ಕಾರಿನಲ್ಲಿ ಹಿಂದಿನ ಸೀಟಿನಿಂದ ಹೇಳಿದರು: "ಎಡ ಹಿಮ್ಮಡಿ ಜೋರಾಗಿ ಊರುವವನು ನಿನ್ನ ಗಂಡ. ಸರಿ ತಾನೇ?"

"ಸರಿ," ಎಂದೆ.

"ತಪ್ಪು ಕಡೆ ಹೋದರೂ ತಾಳಕ್ಕೆ ಸರಿಯಾಗಿ ಹೋಗ್ತಾನೆ. ಅದನ್ನ ಕಲಿಸೋಕಾಗಲ್ಲ."

ಮುಂದಿನ ಮಂಗಳವಾರ ನಾನು ಕರೆಯುವ ಮೊದಲೇ ನನ್ನ ಗಂಡ ಕಾರಿನ ಕೀಲಿ ಕೈಯಲ್ಲಿ ಹಿಡಿದು ನಿಂತಿದ್ದರು.

ಆಂಟಿ ನಮ್ಮ ಮನೆಗೆ ಬರತೊಡಗಿದ್ದು ಹಾಗೆ. ಶನಿವಾರ ಮಧ್ಯಾಹ್ನ ಕರೆದುಕೊಂಡು ಬಂದರೆ ಉಪ್ಪಿಟ್ಟು ತಿಂದು, ಚಹಾ ಕುಡಿದು, ಅಡಿಗೆಮನೆಯ ಮೇಜಿನ ಮೇಲೆ ಕುಣಿತ ಕಟ್ಟಲು ಕೂರುತ್ತಿದ್ದರು. ಅವರ ಮನೆಯಲ್ಲಿ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ, ಮೊಟ್ಟೆಯ ಬಟ್ಟಲು ಇಟ್ಟುಕೊಂಡು ಮಾಡುತ್ತಿದ್ದರಂತೆ. ಬಿಳಿ ಮೇಜಿನ ಮೇಲೆ ಬಿಳಿ ಬಟ್ಟಲು ಕಾಣುತ್ತಿರಲಿಲ್ಲ. ನಾನು ಒಂದು ಕಡುನೀಲಿ ಬಟ್ಟೆ ಹಾಸಿ ಸ್ಟೀಲಿನ ಲೋಟ, ಬಟ್ಟಲುಗಳನ್ನು ಕೊಟ್ಟೆ. ಲೋಟಗಳು ಗಂಡಸರು, ಬಟ್ಟಲುಗಳು ಹೆಂಗಸರು. ಹೊಳೆಯುವ ಅಂಚು ಅವರ ಕಣ್ಣಿನ ಓರೆಗೆ ಸಿಗುತ್ತಿತ್ತು. ಮೂಗಿನಲ್ಲಿ ರಾಗ ಗುನುಗುತ್ತ ಒಂದೊಂದನ್ನೇ ಬೆರಳಿನಿಂದ ತಳ್ಳುತ್ತಿದ್ದರು. ಲೋಟವೊಂದು ಬಟ್ಟಲಿಗೆ ತಾಗಿ ಠಣ್ ಎಂದರೆ, "ಡಿಕ್ಕಿ," ಎಂದು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು.

ಆ ಕುಣಿತ ನಿಧಾನದ ಗತಿಯದು. ಅದಕ್ಕೆ ಸ್ಟ್ರಾತ್‌ಸ್ಪೇ ಎನ್ನುತ್ತಾರೆ. ಸ್ಕಾಟ್ಲೆಂಡಿನ ಒಂದು ನದಿಯ ಕಣಿವೆಯ ಹೆಸರೇ ಆ ಗತಿಗೂ ಬಂದದ್ದು ಎಂದು ಆಂಟಿ ಹೇಳಿದರು. ನಾಲ್ಕು ಜೋಡಿಗಳ ಕುಣಿತ. ಅದರಲ್ಲಿ ಒಂದು ವಿಚಿತ್ರವಿತ್ತು. ಒಂದು ಜೋಡಿ ಎರಡೂ ಸಾಲುಗಳ ನಡುವೆ ಬಂದು, ಪರಸ್ಪರ ಕೈ ಹಿಡಿದು, ಸುಮ್ಮನೆ ನಿಲ್ಲಬೇಕು. ಉಳಿದವರು ಕೈಕೈ ಹಿಡಿದು ಉದ್ದದ ಸಾಲಾಗಿ ಅವರ ಆಚೆ ಈಚೆ ಬಳಸಿ ಕೆಳಗೆ ಹರಿಯಬೇಕು, ಮತ್ತೆ ತಿರುಗಿ ಮೇಲೆ ಬರಬೇಕು. ಆಮೇಲೆ ಮುಂದಿನ ಜೋಡಿ ನಡುವೆ ಬಂದು ನಿಲ್ಲುತ್ತದೆ.

"ತಿರುಗಿ ಮೇಲೆ ಯಾಕೆ?" ಎಂದು ಕೇಳಿದೆ. "ನದಿ ಕೆಳಗೇ ತಾನೇ ಹೋಗೋದು?"

ಉತ್ತರ ಬಂದದ್ದು ನನ್ನ ಗಂಡನಿಂದ. ಅವರು ಸಿಂಕಿನಲ್ಲಿ ಪಾತ್ರೆ ತೊಳೆಯುತ್ತಿದ್ದರು. "ಆ ಭಾಗದಾಗ ಸಮುದ್ರ ಹತ್ರ ಅದ. ಉಬ್ಬರ ಬಂದಾಗ ನೀರು ಹಿಂದಕ್ಕ ಏರ್ತದ. ದಿನಾ." ಅದನ್ನೇ ಇಂಗ್ಲಿಷಿನಲ್ಲಿ ಆಂಟಿಗೂ ಹೇಳಿದರು. ಆಂಟಿ ಅವರ ದನಿ ಬಂದ ಕಡೆಗೆ ತಿರುಗಿದರು.

"ನಿನಗೆ ಆ ಜಾಗ ಗೊತ್ತಾ?"

"ಅಲ್ಲಿ ಪೈಪು ತೆಗೆಸಿದ್ದೀವಿ. ಪ್ರತಿ ತಿರುವೂ ಗೊತ್ತು," ಎಂದರು. ಒದ್ದೆ ಕೈ ಒರೆಸಿಕೊಂಡು ಬಂದು ಮೇಜಿನ ಬಳಿ ನಿಂತರು. ನೀಲಿ ಬಟ್ಟೆಯ ಮೇಲೆ ಒಂದು ಲೋಟವನ್ನು ಸ್ವಲ್ಪ ಎಡಕ್ಕೆ ಸರಿಸಿದರು. "ಇಲ್ಲಿ ತಿರುವು ಇಷ್ಟು ಚೂಪಾಗಿಲ್ಲ. ಉದ್ದಕ್ಕೆ ಹೋಗಿ ಹೊರಳ್ತದೆ." ಆಂಟಿ ಆ ಲೋಟವನ್ನು ಮುಟ್ಟಿ ನೋಡಿದರು, ಗುನುಗಿದರು, ತಲೆಯಾಡಿಸಿದರು. ಅಂದಿನಿಂದ ಶನಿವಾರ ಪಾತ್ರೆ ತೊಳೆಯುವ ಪಾಳಿ ನನಗೆ ಬಂತು.

ಆದರೂ ಒಂದು ಜಾಗದಲ್ಲಿ ಕುಣಿತ ಕೂಡಿಬರುತ್ತಿರಲಿಲ್ಲ. ಹರಿಯುತ್ತ ಹೋದ ಸಾಲು ಹಿಂದಕ್ಕೆ ತಿರುಗುವ ಕಡೆ. ಹಾಲ್‌ನಲ್ಲಿ ಎರಡು ಸಲ ಮಾಡಿನೋಡಿದೆವು. ಎಲ್ಲರೂ ಒಟ್ಟಿಗೆ ಗಕ್ಕನೆ ತಿರುಗಿದಾಗ ಹೆಜ್ಜೆಗಳ ಸದ್ದು ಮುರಿದುಬೀಳುತ್ತಿತ್ತು. ಗೋಡೆಯ ಬಳಿ ಕಣ್ಣು ಮುಚ್ಚಿ ಕೂತಿದ್ದ ಆಂಟಿ, "ಬಾಗಿಲು ಬಡಿದ ಹಾಗೆ ಕೇಳ್ತಿದೆ," ಎಂದರು.

ಮುಂದಿನ ಶನಿವಾರ ಅವರು ಉಪ್ಪಿಟ್ಟಿಗೂ ಕೂರಲಿಲ್ಲ. "ನನ್ನನ್ನ ಅಲ್ಲಿಗೇ ಕರಕೊಂಡು ಹೋಗಿ," ಎಂದರು.

ಅದು ನದಿಯ ದಂಡೆಗುಂಟ ಇರುವ ರೆಡ್ ಝೋನ್. ಭೂಕಂಪದಲ್ಲಿ ಅಲ್ಲಿನ ನೆಲವೇ ಕರಗಿ, ಕೆಳಗಿನ ಮರಳುಕೆಸರು ಮೇಲಕ್ಕೆ ಉಕ್ಕಿತ್ತು. ಮತ್ತೆ ಮನೆ ಕಟ್ಟಲು ಬಾರದ ನೆಲವೆಂದು ಸರ್ಕಾರ ತೀರ್ಮಾನಿಸಿತು. ಬೀದಿ ಬೀದಿಯೇ ಖಾಲಿಯಾಗಿ, ಮನೆಗಳನ್ನೆಲ್ಲ ಕೆಡವಿ ತೆಗೆದರು. ಈಗ ಮೈಲಿಗಟ್ಟಲೆ ಹುಲ್ಲು. ನಡುನಡುವೆ ಎಲ್ಲಿಗೂ ಹೋಗದ ಡಾಂಬರು ರಸ್ತೆ. ತೋಟದ ಮರಗಳನ್ನು ಮಾತ್ರ ಉಳಿಸಿದ್ದಾರೆ. ಪ್ಲಮ್, ಸೇಬು, ನಿಂಬೆ, ಒಂದೊಂದು ಮರವೂ ಒಂದೊಂದು ಮನೆಯ ಹಿತ್ತಲಿನದು. ಹಣ್ಣಿನ ಕಾಲದಲ್ಲಿ ಊರ ಜನ ಚೀಲ ಹಿಡಿದು ಬರುತ್ತಾರೆ. ನಾವೂ ಚಟ್ನಿಗೆಂದು ಹುಳಿ ಪ್ಲಮ್ ಕಿತ್ತು ತಂದದ್ದುಂಟು. ಅವು ಯಾರ ಮನೆಯವೆಂದು ಯೋಚಿಸಿರಲಿಲ್ಲ.

ಶರತ್ಕಾಲದ ಬಿಸಿಲು. ಆಂಟಿ ನನ್ನ ತೋಳು ಹಿಡಿದು ನಡೆದರು. ನನ್ನ ಗಂಡ ಮುಂದೆ. ನದಿ ಬಲಕ್ಕಿತ್ತು. ಏವನ್ ಎಂಬ ಹೆಸರಿನ ಜೊತೆ ಓಟಾಕಾರೊ ಎಂಬ, ಇಲ್ಲಿನ ಮೂಲನಿವಾಸಿಗಳ ಮಾವೊರಿ ಹೆಸರನ್ನೂ ಬರೆದ ಫಲಕ ದಾಟಿದೆವು. ಸ್ವಲ್ಪ ದೂರ ಹೋದ ಮೇಲೆ ಆಂಟಿಯ ಕಾಲ ಕೆಳಗೆ ಏನೋ ಚಟ್ಟೆಂದಿತು. ಅವರು ನಿಂತರು.

"ಅಕ್ರೋಟು," ಎಂದರು. ಬಗ್ಗಿ ಒಂದು ಎಲೆ ಎತ್ತಿ ಬೆರಳಲ್ಲಿ ಉಜ್ಜಿ ಮೂಸಿದರು. "ಬಂದ್ವಿ. ಇದು ನಮ್ಮ ಮನೆ."

ಎದುರಿಗೆ ಹುಲ್ಲು ಬಿಟ್ಟು ಬೇರೇನೂ ಇರಲಿಲ್ಲ. ಒಂದು ದೊಡ್ಡ ಅಕ್ರೋಟಿನ ಮರ, ಅದರಾಚೆ ದಂಡೆ, ನೀರು. ಆಂಟಿ ಮರದ ಕಾಂಡ ಮುಟ್ಟಿ ಬೆನ್ನು ಕೊಟ್ಟು ನಿಂತು ದಿಕ್ಕು ಹಿಡಿದುಕೊಂಡರು. "ಇಲ್ಲಿ ಅಡಿಗೆಮನೆ. ಅದು ನನ್ನ ಕಿಟಕಿ. ಸಿಂಕಿನ ಮುಂದೆ ನಿಂತರೆ ನದಿ ಕಾಣ್ತಿತ್ತು." ಆಮೇಲೆ ಗಂಡನ ಬಗ್ಗೆ ಹೇಳಿದರು. ಅದಕ್ಕೆ ಮೊದಲು ಅವರ ಬಾಯಲ್ಲಿ ನಾನು ಗಂಡನ ಮಾತು ಕೇಳಿರಲಿಲ್ಲ.

ಅವರು ಬಡಗಿ. ಒಂದು ದಿನವೂ ಕುಣಿದವರಲ್ಲ. ಮದುವೆಯಾದಾಗಿನಿಂದ ಪ್ರತಿ ವಾರ ಹೆಂಡತಿಯನ್ನು ಹಾಲ್‌ಗೆ ಬಿಟ್ಟು, ಹೊರಗೆ ಕಾರಿನಲ್ಲಿ ರೇಡಿಯೋ ಕೇಳುತ್ತ ಕೂತಿದ್ದು, ವಾಪಸು ಕರೆದುಕೊಂಡು ಹೋಗುತ್ತಿದ್ದರು. ಒಳಗೆ ಬನ್ನಿ ಎಂದರೆ, ನನಗೆ ಇಲ್ಲೇ ಆರಾಮ ಎನ್ನುತ್ತಿದ್ದರು. ಅವರ ಖುಷಿಯೆಲ್ಲ ವಸಂತದಲ್ಲಿ. ಆಗ ಸಮುದ್ರದಿಂದ ವೈಟ್‌ಬೇಟ್ ಎಂಬ ಪುಟ್ಟ ಮೀನಿನ ಮರಿಗಳು ದಂಡು ದಂಡಾಗಿ ನದಿಗೆ ಏರಿ ಬರುತ್ತವೆ. ಬಲೆ ಹಿಡಿದು ದಂಡೆಯಂಚಿನ ನೀರಿನಲ್ಲಿ ಗಂಟೆಗಟ್ಟಲೆ ಅಲುಗಾಡದೆ ನಿಲ್ಲುತ್ತಿದ್ದರು.

"ನಾನು ಕಿಟಕಿಯಿಂದ ನೋಡ್ತಿದ್ದೆ," ಎಂದರು ಆಂಟಿ. "ನೀರು ಅವನ ಕಾಲು ಸುತ್ತಿ ಹೋಗೋದು. ಅವನು ಮಾತ್ರ ಇದ್ದಲ್ಲೇ ಇರೋನು. ಮನೆ ಹೋದ ಮೇಲೆ ಆ ಹೊಸ ಪುಟ್ಟ ಮನೆಯಲ್ಲಿ ಅವನಿಗೆ ನಿಲ್ಲೋಕೆ ಜಾಗ ಇರಲಿಲ್ಲ. ಬಹಳ ದಿನ ಬದುಕಲಿಲ್ಲ."

ಕುಣಿತದಲ್ಲಿ ಸುಮ್ಮನೆ ನಿಲ್ಲುವ ಜೋಡಿ ಎಲ್ಲಿಂದ ಬಂತೆಂದು ಆಗ ತಿಳಿಯಿತು. ನಾನು ಅವರ ತೋಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ. ನನ್ನ ಗಂಡ ದಂಡೆಯ ಬಳಿ ನಿಂತು ನೀರು ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಕೂಗಿದರು.

"ಇಲ್ಲೆ ಬರ್ರಿ ಇಬ್ರೂ. ಈಗ ತಿರುಗ್ಲಿಕ್ಕೆ ಹತ್ತೇದ."

ಉಬ್ಬರ ಶುರುವಾಗುವ ಹೊತ್ತು. ಆಂಟಿ ದಂಡೆಯ ಕಲ್ಲಿನ ಮೇಲೆ ಕೂತು, "ನನಗೆ ಕಾಣಲ್ಲ. ನೀನು ಹೇಳು," ಎಂದು ನನಗೆ ಅಂದರು. ನೀರಿನ ಮೇಲೆ ಎಲೆಗಳು ತೇಲುತ್ತಿದ್ದವು. ನಾನು ಕಂಡದ್ದನ್ನು ಕಂಡ ಹಾಗೆ ಹೇಳತೊಡಗಿದೆ. ನಡುವಿನ ಎಲೆಗಳು ಇನ್ನೂ ಕೆಳಗೆ ಹೋಗ್ತಿವೆ ಆಂಟಿ. ನಿಧಾನ ಆಗಿವೆ. ಈ ದಂಡೆಯ ಪಕ್ಕದ್ದು ನಿಂತುಬಿಟ್ಟಿದೆ. ಅಯ್ಯೋ, ಅದು ಹಿಂದಕ್ಕೆ ಬರ್ತಿದೆ. ನಡುವಿನದು ಇನ್ನೂ ಕೆಳಗೇ ಹೋಗ್ತಿದೆ. ಈಗ ಅದೂ ನಿಂತಿತು. ಎಲ್ಲ ನಿಂತವು. ಈಗ ಎಲ್ಲಾನೂ ಮೇಲೆ ಬರ್ತಿವೆ.

"ಅಂಚು ಮೊದಲು ತಿರುಗೋದು," ಎಂದರು ನನ್ನ ಗಂಡ. "ದಂಡೆ ಹತ್ತಿರ ನೀರಿಗೆ ವೇಗ ಕಮ್ಮಿ. ನಡುವಿನದು ಕೊನೆಗೆ ತಿರುಗುತ್ತೆ."

ಆಂಟಿ ಮೊಣಕಾಲಿನ ಮೇಲೆ ಬೆರಳು ಆಡಿಸತೊಡಗಿದರು. ಎರಡೂ ಕಿರುಬೆರಳು ಮೊದಲು ಹೊರಳಿದವು, ಆಮೇಲೆ ಉಂಗುರದ ಬೆರಳು, ಕೊನೆಗೆ ನಡುಬೆರಳು. ಮತ್ತೊಮ್ಮೆ ಮಾಡಿದರು. ಮುಖದ ತುಂಬ ನಗು ಬಂತು. "ಮನೆಗೆ ಹೋಗೋಣ. ನನಗೆ ಲೋಟ ಬೇಕು."

ಕುಣಿತ ಮುಗಿದ ಮೇಲೂ ಒಂದು ತೊಡಕಾಯಿತು. ಹಾಲ್‌ನಲ್ಲಿ ಪೂರ್ತಿ ಮಾಡಿ ನೋಡಿದ ಸಂಜೆ ಪಾಠದ ಮೇಡಂಗೆ ನಿಲ್ಲುವ ಜೋಡಿಯ ಭಾಗ ಹಿಡಿಸಲಿಲ್ಲ. "ಚೆನ್ನಾಗಿದೆ. ಆದರೆ ಅಷ್ಟು ಹೊತ್ತು ಸುಮ್ಮನೆ ನಿಂತರೆ ಬೇಜಾರು. ಜನ ಕುಣಿಯೋಕೆ ಬರ್ತಾರೆ. ಆ ಜೋಡಿಗೂ ಒಂದು ಸುತ್ತು ಕೊಡಿ," ಎಂದರು. ಅವರ ಮಾತಿನಲ್ಲಿ ಕೆಡುಕೇನೂ ಇರಲಿಲ್ಲ. ಬೇರೆ ಇಬ್ಬರು ಮೂವರು ತಲೆಯಾಡಿಸಿದರು. ಆಂಟಿ ಕಾರ್ಡಿಗನ್ನಿನ ಗುಂಡಿ ಹಾಕುತ್ತ ಬಿಚ್ಚುತ್ತ ಕೂತರು. ಗಂಡನ ವಿಷಯ ಅಲ್ಲಿ ಹೇಳುವವರಲ್ಲ ಅವರು. ಅದನ್ನು ನಾನು ಹೇಳುವಂತೆಯೂ ಇರಲಿಲ್ಲ.

ಆಗ ನನ್ನ ಗಂಡ ಮಾತಾಡಿದರು. ಅಷ್ಟು ತಿಂಗಳಲ್ಲಿ ಆ ಹಾಲ್‌ನಲ್ಲಿ ಅವರು ಸಾರಿ, ಥ್ಯಾಂಕ್ ಯು ಬಿಟ್ಟು ಹೆಚ್ಚೇನೂ ಹೇಳಿದ್ದಿಲ್ಲ.

"ನನಗೆ ಆ ಭಾಗವೇ ಇಷ್ಟ," ಎಂದರು. "ಉಳಿದ ಕಡೆ ನನಗೆ ಎಡ ಬಲದ ಚಿಂತೆ. ಅಲ್ಲಿ ನಿಂತಾಗ ಮಾತ್ರ ನನ್ನ ಹೆಂಡತಿಯ ಮುಖ ನೋಡೋಕಾಗುತ್ತೆ."

ಯಾರೂ ನಗಲಿಲ್ಲ. ನಾನು ನೆಲ ನೋಡಿದೆ, ಕಿವಿ ಬಿಸಿಯಾದವು. ಪಿಟೀಲಿನ ಮುದುಕರು ಕಮಾನು ಎತ್ತಿಕೊಂಡು, "ಆ ಜಾಗಕ್ಕೆ ರಾಗ ಇನ್ನೂ ಸ್ವಲ್ಪ ಎಳೆಯಬಹುದು ನಾನು," ಎಂದರು. ಮೇಡಂ ಒಂದು ಕ್ಷಣ ಯೋಚಿಸಿ, "ಸರಿ, ಇದ್ದ ಹಾಗೇ ಇರಲಿ," ಎಂದು ಚಪ್ಪಾಳೆ ತಟ್ಟಿ ಎಲ್ಲರನ್ನೂ ಸಾಲಿಗೆ ಕರೆದರು.

ವಸಂತದಲ್ಲಿ ಕ್ಲಬ್ಬಿನವರು ಪ್ರತಿ ವರ್ಷ ಒಂದು ಭಾನುವಾರ ಮಧ್ಯಾಹ್ನ ಮನೆಯವರನ್ನೂ ಸ್ನೇಹಿತರನ್ನೂ ಕರೆದು ಕುಣಿಯುತ್ತಾರೆ. ಆ ಸಲ ಹೊಸ ಕುಣಿತವನ್ನು ಅಲ್ಲಿ ಕುಣಿಯುವುದೆಂದಾಯಿತು. ಮಗಳು ರಜೆಗೆ ಬಂದಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಚರ್ಮದ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ ಅಪ್ಪನನ್ನು ನೋಡಿ, "ಅಮ್ಮಾ, ಹೂ ಈಸ್ ದಿಸ್ ಮ್ಯಾನ್?" ಎಂದಳು.

"ನಾನೂ ಈಗೀಗ ಪರಿಚಯ ಮಾಡ್ಕೊಳ್ತಾ ಇದೀನಿ," ಎಂದೆ.

ನಾನು ಮೈಸೂರು ಸಿಲ್ಕ್ ಸೀರೆಯನ್ನು ಸ್ವಲ್ಪ ಎತ್ತರಕ್ಕೆ ಉಟ್ಟಿದ್ದೆ. ಕಿಟಕಿಗಳಿಂದ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಮೊದಲು ನಿಲ್ಲುವ ಜೋಡಿಯಾಗಿ ನಮ್ಮನ್ನೇ ಇಟ್ಟಿದ್ದರು. ರಾಗ ಶುರುವಾಯಿತು, ನಾವಿಬ್ಬರೂ ನಡುವೆ ಬಂದು ಎರಡೂ ಕೈ ಹಿಡಿದು ನಿಂತೆವು. ಅವರ ಕೈ ಈಗ ಬೆವೆಯುತ್ತಿರಲಿಲ್ಲ. ಸಾಲು ನಮ್ಮನ್ನು ಬಳಸಿ ಇಳಿಯಿತು. ಬಟ್ಟೆಯ ಸರಸರ, ಮೆತ್ತನೆಯ ಹೆಜ್ಜೆ, ಯಾರದೋ ಉಸಿರು, ಎಲ್ಲವೂ ಎರಡೂ ಪಕ್ಕದಲ್ಲಿ ಹಾದು ಹೋದವು. ಅವರ ಹುಬ್ಬಿನಲ್ಲಿ ಎರಡು ಬಿಳಿ ಕೂದಲು ಬಂದಿದ್ದವು. ಅದುವರೆಗೆ ನಾನು ಗಮನಿಸಿರಲಿಲ್ಲ. ಅಂಚಿನವರು ಮೊದಲು ಹೊರಳಿದರು, ನಡುವಿನವರು ಆಮೇಲೆ. ಎಲ್ಲಿಯೂ ಸದ್ದು ಮುರಿಯಲಿಲ್ಲ.

ಮುಗಿದಾಗ ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಮತ್ತೊಮ್ಮೆ ಎಂದರು. ನಾನು ಉಸಿರು ತಿರುಗಿಸಿಕೊಳ್ಳುತ್ತಿದ್ದೆ. ನನ್ನ ಗಂಡ ನೇರವಾಗಿ ಗೋಡೆಯ ಬಳಿ ಹೋಗಿ ಆಂಟಿಯ ಮುಂದೆ ಬಗ್ಗಿದರು.

"ಆಂಟಿ, ಈ ಸಲ ನೀವು ನಿಲ್ಲಿ ನನ್ನ ಜೊತೆ."

"ನನಗೆ ಕಣ್ಣು ಕಾಣಲ್ಲಪ್ಪ."

"ನಿಲ್ಲೋದಕ್ಕೆ ಕಣ್ಣು ಬೇಡವಲ್ಲ. ನಾನಿದೀನಿ."

ಆಂಟಿ ಸ್ವಲ್ಪ ಹೊತ್ತು ಕೂತೇ ಇದ್ದರು. ಆಮೇಲೆ ಕಾರ್ಡಿಗನ್ ತೆಗೆದು ಕುರ್ಚಿಯ ಬೆನ್ನಿಗೆ ಹಾಕಿ, ಲಂಗದ ನೆರಿಗೆ ಸರಿಮಾಡಿಕೊಂಡು ಎದ್ದರು. ಇವರು ಅವರನ್ನು ನಡುವಿಗೆ ಕರೆತಂದು ಎರಡೂ ಕೈ ಹಿಡಿದುಕೊಂಡರು. ನಾನು ಹಿಂದೆ ಸರಿದು ಮಗಳ ಪಕ್ಕದಲ್ಲಿ ನಿಂತೆ. ಒಂದು ಜೋಡಿಯ ಸರದಿ ಮಾತ್ರ, ಅಷ್ಟೇ ನುಡಿಸಿದರು. ಆಂಟಿ ತಲೆ ಎತ್ತಿ, ಬೆನ್ನು ನೇರ ಮಾಡಿ, ಕಣ್ಣು ಮುಚ್ಚಿ ನಿಂತಿದ್ದರು. ಸಾಲು ಹಾದು ಹೋಗುವಾಗ ಗೆಳತಿಯರ ಲಂಗದ ಅಂಚು ಅವರ ಕಾಲಿಗೆ ತಾಗುತ್ತಿತ್ತು. ತಿರುಗುವ ಜಾಗದಲ್ಲಿ ಅವರ ತುಟಿ ಅಲುಗಿತು. ಏನೆಂದರೋ ನನಗೆ ಕೇಳಿಸಲಿಲ್ಲ. ನನ್ನ ಗಂಡನಿಗೆ ಕೇಳಿಸಿರಬೇಕು. ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಗಳು ಕಣ್ಣೊರೆಸಿಕೊಂಡು, ಹೀಟರಿನ ಧೂಳು ಎಂದಳು. ಹೀಟರು ಆ ದಿನ ಹಚ್ಚಿರಲಿಲ್ಲ.

ಆ ಬೇಸಿಗೆಯ ಕೊನೆಗೆ ಆಂಟಿಯ ಮಗ ಅವರನ್ನು ನೆಲ್ಸನ್‌ಗೆ ಕರೆದುಕೊಂಡು ಹೋದ. ಅಲ್ಲಿ ಬಿಸಿಲು ಹೆಚ್ಚು, ಮೊಮ್ಮಕ್ಕಳೂ ಹತ್ತಿರ. ಕಣ್ಣಿನ ಇಂಜೆಕ್ಷನ್ ಅಲ್ಲೇ ನಡೆಯುತ್ತಿದೆ. ಈ ದಕ್ಷಿಣ ದ್ವೀಪದ ಬೇರೆ ಊರಿನ ಕ್ಲಬ್ಬುಗಳೂ ಆ ಕುಣಿತವನ್ನು ಕಲಿಯುತ್ತಿವೆಯಂತೆ; ಅಲ್ಲಿ ತುಂಬ ಅವಸರದಲ್ಲಿ ಮಾಡುತ್ತಾರೆ ಎಂದು ಅವರ ದೂರು. ಭಾನುವಾರ ಬೆಳಿಗ್ಗೆ ಫೋನು ಮಾಡುತ್ತಾರೆ. ನಾವು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು ಮಾತಾಡುತ್ತೇವೆ.

ಹೋದ ತಿಂಗಳು ಹಾಗೆ ಮಾತಾಡುವಾಗ, "ನಿಮ್ಮೂರ ನದಿ ಯಾವುದು? ಒಂದು ಹೊಸದು ಕಟ್ಟೋಣ ಅಂತಿದೀನಿ," ಎಂದರು. ನಾನು ಕಾವೇರಿಯ ಬಗ್ಗೆ ಹೇಳಿದೆ, ಶ್ರೀರಂಗಪಟ್ಟಣದಲ್ಲಿ ಅದು ಎರಡಾಗಿ ಸೀಳಿ ಮತ್ತೆ ಕೂಡುವುದನ್ನು. ಆಂಟಿಗೆ ಅದು ಹಿಡಿಸಿತು. ಆಮೇಲೆ ನನ್ನ ಗಂಡನನ್ನು ಕೇಳಿದರು.

"ನಮ್ಮದು ಮಲಪ್ರಭಾ," ಎಂದರು ಅವರು. "ಆದರೆ ಬೇಸಿಗೆಯಲ್ಲಿ ಅದರಲ್ಲಿ ನೀರೇ ಇರಲ್ಲ. ಬರೀ ಮರಳು."

"ನೀರಿಲ್ಲದ ನದಿಯಲ್ಲಿ ಜನ ಏನು ಮಾಡ್ತಾರೆ?"

ಅವರು ಹೇಳತೊಡಗಿದರು. ಚಿಕ್ಕವರಿದ್ದಾಗ ರಜೆಗೆ ಅಜ್ಜಿಯ ಊರಿಗೆ ಹೋದರೆ, ಬೆಳಿಗ್ಗೆ ಕೊಡ ಹಿಡಿದು ಅಜ್ಜಿಯ ಹಿಂದೆ ಹೊಳೆಗೆ ಹೋಗುತ್ತಿದ್ದರಂತೆ. ಅಜ್ಜಿ ಮರಳಿನಲ್ಲಿ ಕೈಯಿಂದ ಗುಂಡಿ ತೋಡುತ್ತಿದ್ದಳು. ಮೊದಲು ಒಣಮರಳು, ಆಮೇಲೆ ಹಸಿ ಮರಳು, ಆಮೇಲೆ ತಳದಲ್ಲಿ ಕಲಕಿದ ನೀರು. ಅದನ್ನು ಬೊಗಸೆಯಿಂದ ಎತ್ತಿ ಚೆಲ್ಲಿ, ತಿಳಿನೀರು ಜಿನುಗುವ ತನಕ ಕೂತು ಕಾಯಬೇಕು. ಕೂತಿದ್ದಾಗ ಅಜ್ಜಿ ಕಥೆ ಹೇಳುತ್ತಿದ್ದಳು. ತೆಂಗಿನ ಚಿಪ್ಪಿನಿಂದ ನೀರು ತುಂಬಿ ತುಂಬಿ ಕೊಡಕ್ಕೆ ಹಾಕುತ್ತಿದ್ದಳು.

ಇದನ್ನು ನಾನೂ ಮೊದಲ ಸಲ ಕೇಳುತ್ತಿದ್ದೆ. ಅವರು ಇಂಗ್ಲಿಷಿನಲ್ಲಿ ಶುರುಮಾಡಿದವರು ನಡುವೆ ಯಾವಾಗಲೋ ಕನ್ನಡಕ್ಕೆ ಹೊರಳಿದ್ದರು. ಫೋನಿನ ಆ ಕಡೆಯಿಂದ ಆಂಟಿ ತಡೆಯಲಿಲ್ಲ. ನಾನು ಒಲೆ ಸಣ್ಣ ಮಾಡಿ, ಕುರ್ಚಿ ಎಳೆದುಕೊಂಡು ಕೂತೆ.

"ಮುಂದ?" ಎಂದೆ, ಅವರದೇ ಮಾತಿನಲ್ಲಿ.

"ಮುಂದೇನು, ವರತಿ ನೀರು ಭಾಳ ತಂಪು ಇರ್ತಿತ್ತು," ಎಂದರು ಅವರು. "ಮದಲಿನ ಚಿಪ್ಪು ನೀರು ನನಗಽ ಕುಡಿಸ್ತಿದ್ಲು."